ಕಾಕಾನ್ನ ಈ ಸಲ ಟೀಮಿನಾಗ ಇಟ್ಕೊಳ್ಳೋದೋ, ಬಿಡೋದೋ?

ಸುಗ್ಗಿ ಮುಗಿದು ಹೊಲ ಖಾಲಿಯಾದರೆ ಸಾಕು, ನಮ್ಮ ಕಡೆ ಟೆನಿಸ್ ಬಾಲ್ ಟೂರ್ನಮೆಂಟಿನ ಬ್ಯಾನರ್‌ಗಳು ಎದ್ದು ನಿಲ್ಲುತ್ತವೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಬೆಟಗೇರಿ, ಊರು ಯಾವುದಾದರೂ ಆಗಲಿ, ಚಿತ್ರ ಹೆಚ್ಚು ಕಡಿಮೆ ಒಂದೇ. ಎಂಟ್ರಿ ಫೀಸು ಕೂಡಿಸಬೇಕು, ಟೀ ಶರ್ಟಿಗೆ ಸ್ಪಾನ್ಸರ್ ಹುಡುಕಬೇಕು, ಬೆಂಗಳೂರಿನಲ್ಲಿ ಕೆಲಸ ಮಾಡೋ ಹುಡುಗರಿಗೆ ರಜೆ ಸಿಗುತ್ತೋ ಇಲ್ಲವೋ ಕೇಳಬೇಕು. ಇದೆಲ್ಲ ಹೇಗೋ ನಡೆಯುತ್ತದೆ. ವಾಟ್ಸ್ಯಾಪ್ ಗ್ರೂಪಿನಲ್ಲಿ ಯಾರೂ ಬಾಯಿ ಬಿಡದ ಪ್ರಶ್ನೆ ಒಂದೇ. ಹದಿನೈದು ವರ್ಷದಿಂದ ಮೂರನೇ ನಂಬರಿಗೆ ಬ್ಯಾಟ್ ಹಿಡಿದು ಬರುವ ಕಾಕಾ ಇದ್ದಾರಲ್ಲ, ಅವರನ್ನ ಈ ಸಲ ಏನು ಮಾಡೋದು?

ಮೊಣಕಾಲು ಹೋಗಿದೆ. ಎರಡು ರನ್ ಇದ್ದಲ್ಲಿ ಒಂದೇ ಓಡುತ್ತಾರೆ. ಕ್ಯಾಚ್ ಬಿಟ್ಟರೆ ಯಾರೂ ಬೈಯೋ ಹಾಗಿಲ್ಲ. ಆದರೆ ಕೊನೇ ಓವರಿನಲ್ಲಿ ಹತ್ತು ರನ್ ಬೇಕಾದಾಗ ಎದುರಾಳಿ ಬೌಲರ್ ಹೆದರೋದು ಇವತ್ತಿಗೂ ಅವರಿಗೇ. ಅಂಪೈರ್ ಜೊತೆ ಜಗಳ ಹತ್ತಿದರೆ ಬಿಡಿಸೋದು ಅವರು. ಸೋತ ಮೇಲೆ ಎಲ್ಲರಿಗೂ ಗಿರಮಿಟ್, ಮಿರ್ಚಿ ಕೊಡಿಸೋದೂ ಅವರೇ. ಅತ್ತ ಪಿಯುಸಿ ಓದೋ ಹುಡುಗನೊಬ್ಬ ಎರಡು ವರ್ಷದಿಂದ ಹನ್ನೆರಡನೆಯವನಾಗಿ ನೀರು ಹೊತ್ತುಕೊಂಡು ಓಡಾಡುತ್ತಿದ್ದಾನೆ. ‘ಕಾಕಾಗ ಯಾರು ಹೇಳತೀರಿ?’ ಅಂತ ಕೇಳಿದರೆ ಎಲ್ಲರೂ ಮೊಬೈಲ್ ನೋಡುತ್ತಾರೆ.

ಇದನ್ನ ಓಣಿಯ ಪುರಾಣ ಅಂತ ನಕ್ಕು ಬಿಡಬಹುದು. ಆದರೆ ಇದೇ ಪ್ರಶ್ನೆಯ ಸುತ್ತ ಭಾರತದ ಕ್ರಿಕೆಟ್ ಮಂಡಳಿ ತಿಂಗಳುಗಟ್ಟಲೆ ಒದ್ದಾಡಿದೆ, ಐಪಿಎಲ್ ಫ್ರಾಂಚೈಸಿಗಳು ಕೋಟಿಗಟ್ಟಲೆ ಸುರಿದಿವೆ. ಇನ್ನೂ ಸ್ವಾರಸ್ಯ ಏನಂದ್ರೆ, ಈ ಮೇಜಿನ ಎರಡೂ ಕಡೆ ಕುಳಿತು ಎದ್ದು ಬಂದವರೊಬ್ಬರು ನಮ್ಮ ಗದುಗಿನವರೇ. ಸುನೀಲ್ ಜೋಶಿ. ತಂಡ ಬೇಡ ಅಂದಾಗಲೂ ಅವರು ಅಲ್ಲಿದ್ದರು, ತಂಡ ಇರಲಿ ಅಂದಾಗಲೂ ಅಲ್ಲಿದ್ದರು. ಕೊನೆಗೆ ‘ಇವರು ಬೇಕೋ ಬೇಡವೋ’ ಅಂತ ನಿರ್ಧರಿಸುವ ಕುರ್ಚಿಯಲ್ಲೂ ಕೂತರು.

ಗದಗಿನಿಂದ ಹುಬ್ಬಳ್ಳಿಗೆ, ಶಾಲೆ ಗಂಟೆಯೊಳಗೆ ವಾಪಸ್

ಇವತ್ತಿನ ಹುಡುಗರಿಗೆ ಜೋಶಿ ಅಂದರೆ ಡಗೌಟಿನಲ್ಲಿ ಕೂತ ಕೋಚ್. ಮೂವತ್ತು ದಾಟಿದವರಿಗೆ ನೈರೋಬಿ ನೆನಪಾಗಬಹುದು. 1970ರ ಜೂನ್ 6ರಂದು ಗದಗಿನಲ್ಲಿ ಹುಟ್ಟಿದ ಈ ಎಡಗೈ ಸ್ಪಿನ್ನರ್ ಹುಡುಗನಾಗಿದ್ದಾಗ ಬೆಳಗಿನ ಜಾವ ಹುಬ್ಬಳ್ಳಿಗೆ ಹೋಗಿ ಪ್ರಾಕ್ಟೀಸ್ ಮಾಡಿ, ಶಾಲೆ ಶುರುವಾಗುವ ಹೊತ್ತಿಗೆ ಗದಗಿಗೆ ವಾಪಸಾಗುತ್ತಿದ್ದರು. ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ಆಗ ನಾಲ್ಕು ಪಥದ ರಸ್ತೆಯೂ ಇರಲಿಲ್ಲ. ಎಲೆಕ್ಟ್ರಾನಿಕ್ ಸಿಟಿಯಿಂದ ಮಾರತ್ತಹಳ್ಳಿಗೆ ಹೋಗಿ ಬರೋಕೆ ನಾವು ಸುಸ್ತಾಗುತ್ತೇವೆ, ಅದು ಬೇರೆ ಮಾತು.

ಕರ್ನಾಟಕದ ಪರ ರಣಜಿ ಆಡಲು ಶುರು ಮಾಡಿದ್ದು 1992-93ರಲ್ಲಿ. 1995-96ರ ರಣಜಿ ಋತುವಿನಲ್ಲಿ 52 ವಿಕೆಟ್ ಕಿತ್ತು, ಮೇಲೆ 529 ರನ್ನೂ ಹೊಡೆದರು. ಒಂದೇ ಋತುವಿನಲ್ಲಿ ಐವತ್ತು ವಿಕೆಟ್, ಐನೂರು ರನ್. ಆ ವರ್ಷ ಕರ್ನಾಟಕ ಚಾಂಪಿಯನ್ ಆಯಿತು. ಮರು ಜೂನಿನಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೊದಲ ಟೆಸ್ಟ್. ಪಂದ್ಯ ಶುರುವಾದ ದಿನವೇ ಅವರಿಗೆ 26 ತುಂಬಿತು. ಹುಟ್ಟುಹಬ್ಬದ ಉಡುಗೊರೆ ಮಾತ್ರ ಕೆಟ್ಟದು. ಬೆರಳಿಗೆ ಪೆಟ್ಟಾಗಿ, ಬೌಲರ್ ಅಂತ ಹೋದವರಿಗೆ ಒಂದು ಎಸೆತವನ್ನೂ ಹಾಕಲಾಗಲಿಲ್ಲ.

ಆಮೇಲೆ 1999ರ ಸೆಪ್ಟೆಂಬರ್ 26. ಎದುರಿಗೆ ದಕ್ಷಿಣ ಆಫ್ರಿಕಾ. ಜೋಶಿಯವರ ಲೆಕ್ಕ ಹೀಗಿತ್ತು: 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಇನ್ನೊಮ್ಮೆ ಓದಿ. ಅರವತ್ತು ಎಸೆತಕ್ಕೆ ಆರು ರನ್. ದಕ್ಷಿಣ ಆಫ್ರಿಕಾ 117ಕ್ಕೆ ಆಲೌಟ್. ಈಗಿನ ಟಿ20 ಕಾಲದಲ್ಲಿ ಒಂದೇ ಎಸೆತಕ್ಕೆ ಆರು ಹೋಗುತ್ತೆ.

ಬಹಳ ಜನ ಜೋಶಿ ಕಥೆಯನ್ನ ಇಲ್ಲಿಗೇ ನಿಲ್ಲಿಸಿಬಿಡುತ್ತಾರೆ. ನನಗೆ ಮುಖ್ಯ ಅನ್ನಿಸೋದು ಮರುವರ್ಷ. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶದ ಮೊಟ್ಟಮೊದಲ ಟೆಸ್ಟ್. ಸೌರವ್ ಗಂಗೂಲಿ ನಾಯಕರಾದ ಮೊದಲ ಟೆಸ್ಟೂ ಅದೇ. ಬಾಂಗ್ಲಾ ಹುಡುಗರು 400 ಹೊಡೆದು ಕೂತರು. ಜೋಶಿ ಮೊದಲ ಇನಿಂಗ್ಸಿನಲ್ಲಿ 142 ರನ್ನಿಗೆ 5 ವಿಕೆಟ್ ತೆಗೆದರು. ಭಾರತ ಬ್ಯಾಟಿಂಗಿನಲ್ಲಿ ತಿಣುಕುವಾಗ ಗಂಗೂಲಿ 84 ಹೊಡೆದರೆ ಜೋಶಿ 92. ಎರಡನೇ ಇನಿಂಗ್ಸಿನಲ್ಲಿ ಮತ್ತೆ 27ಕ್ಕೆ 3. ಬಾಂಗ್ಲಾ 91ಕ್ಕೆ ಮುಗಿಯಿತು, ಭಾರತ 9 ವಿಕೆಟ್‌ಗಳಿಂದ ಗೆದ್ದಿತು, ಪಂದ್ಯಪುರುಷ ಗದುಗಿನ ಜೋಶಿ.

ಅದೇ ತಿಂಗಳು ಅವರ ಟೆಸ್ಟ್ ಬದುಕೂ ಮುಗಿಯಿತು. ಜಿಂಬಾಬ್ವೆ ವಿರುದ್ಧ ನಾಗಪುರದಲ್ಲಿ ಆಡಿದ್ದೇ ಕೊನೆಯದು. ಆಗ ವಯಸ್ಸು 30.

ಮೂರು ಟೆಸ್ಟ್, ಮೂವರು ಎಡಗೈ ಸ್ಪಿನ್ನರ್‌ಗಳು

2001ರ ಮಾರ್ಚ್ ನಮಗೆಲ್ಲ ಕೋಲ್ಕತ್ತ ಅಂದರೆ ಲಕ್ಷ್ಮಣ್ 281, ದ್ರಾವಿಡ್ 180, ಹರಭಜನ್ ಹ್ಯಾಟ್ರಿಕ್. ಆ ಸರಣಿಯ ತಂಡಗಳ ಪಟ್ಟಿಯನ್ನ ಒಮ್ಮೆ ನಿಧಾನವಾಗಿ ನೋಡಿ. ಅನಿಲ್ ಕುಂಬ್ಳೆ ಭುಜದ ಗಾಯದಿಂದ ಹೊರಗಿದ್ದರು. ಹರಭಜನ್ ಜೊತೆಗೆ ಇನ್ನೊಬ್ಬ ಸ್ಪಿನ್ನರ್ ಬೇಕಾಗಿತ್ತು. ಮುಂಬೈ ಟೆಸ್ಟಿಗೆ ರಾಹುಲ್ ಸಂಘ್ವಿ, ಕೋಲ್ಕತ್ತಕ್ಕೆ ವೆಂಕಟಪತಿ ರಾಜು, ಚೆನ್ನೈಗೆ ನೀಲೇಶ್ ಕುಲಕರ್ಣಿ. ಮೂರು ಟೆಸ್ಟಿಗೆ ಮೂವರು, ಮೂವರೂ ಎಡಗೈ ಸ್ಪಿನ್ನರ್‌ಗಳು. ನಾಲ್ಕು ತಿಂಗಳ ಹಿಂದೆ ಪಂದ್ಯಪುರುಷನಾಗಿದ್ದ ಎಡಗೈ ಸ್ಪಿನ್ನರ್‌ಗೆ ಆ ಮೂರರಲ್ಲಿ ಒಂದೂ ಸಿಗಲಿಲ್ಲ.

ಇದರಲ್ಲಿ ಷಡ್ಯಂತ್ರ ಹುಡುಕಬೇಕಾಗಿಲ್ಲ. 15 ಟೆಸ್ಟ್‌ಗಳಲ್ಲಿ 41 ವಿಕೆಟ್ ಅನ್ನೋದು ಕೆಟ್ಟದ್ದಲ್ಲ, ಆದರೆ ‘ಇವರಿಲ್ಲದೆ ನಡೆಯೋದೇ ಇಲ್ಲ’ ಅನ್ನೋ ಅಂಕಿಯೂ ಅಲ್ಲ. ಅದೇ ವರ್ಷ ಏಕದಿನ ಪಂದ್ಯಗಳಿಗೂ ತೆರೆಬಿತ್ತು. 69 ಪಂದ್ಯ, 69 ವಿಕೆಟ್. ಹೊಸ ನಾಯಕ ಹೊಸ ಹುಡುಗರನ್ನ ಹುಡುಕುತ್ತಿದ್ದ ಕಾಲ. ನನ್ನ ತಕರಾರು ಬೇರೆ. ಮೂವತ್ತು ದಾಟಿದ ಆಟಗಾರನ ವಿಷಯಕ್ಕೆ ಬಂದಾಗ ‘ಇವನು ಈಗ ಹೇಗೆ ಆಡ್ತಾನೆ’ ಅನ್ನೋ ಪ್ರಶ್ನೆ ಸದ್ದಿಲ್ಲದೆ ‘ಇವನು ಇನ್ನೆಷ್ಟು ದಿನ ಆಡ್ತಾನೆ’ ಅಂತ ಬದಲಾಗಿಬಿಡುತ್ತೆ. ಮೊದಲನೇದಕ್ಕೆ ಉತ್ತರ ಮೈದಾನದಲ್ಲಿ ಕಾಣುತ್ತೆ. ಎರಡನೇದು ಬರೀ ಊಹೆ. ಜೋಶಿ ವಿಷಯದಲ್ಲಂತೂ ಅವರು ಕರ್ನಾಟಕಕ್ಕೆ ಆಡಿದ್ದು 2010-11ರ ತನಕ. ನಲವತ್ತರ ವಯಸ್ಸಿನವರೆಗೆ!

ಭಾರತ ಬಿಟ್ಟವರನ್ನ ಕರ್ನಾಟಕ ಹತ್ತು ವರ್ಷ ಇಟ್ಟುಕೊಂಡಿತು. ಒಟ್ಟು 160 ಪ್ರಥಮ ದರ್ಜೆ ಪಂದ್ಯ, 615 ವಿಕೆಟ್, 5129 ರನ್. ಅಭಿಮಾನಕ್ಕೋ ಉಪಕಾರಸ್ಮರಣೆಗೋ ಯಾರೂ ಯಾರನ್ನೂ ಹತ್ತು ವರ್ಷ ಇಟ್ಟುಕೊಳ್ಳೋದಿಲ್ಲ. ಕೆಲಸ ಇತ್ತು. ಕುಂಬ್ಳೆ ವರ್ಷದ ಬಹುಭಾಗ ಭಾರತ ತಂಡದೊಂದಿಗೆ ಇರುತ್ತಿದ್ದರು, ಶ್ರೀನಾಥ್ ಹಾಗೇ, ದ್ರಾವಿಡ್ ಹಾಗೇ. ದೊಡ್ಡ ಹೆಸರುಗಳೆಲ್ಲ ಊರು ಬಿಟ್ಟ ಮನೆಯಲ್ಲಿ ದೀಪ ಹಚ್ಚೋಕೆ ಒಬ್ಬರು ಬೇಕಲ್ಲ? ನಾಲ್ಕು ದಿನದ ಪಂದ್ಯದಲ್ಲಿ ಒಂದು ತುದಿ ಹಿಡಿದು, ದಿನಕ್ಕೆ ಇಪ್ಪತ್ತೈದು ಮೂವತ್ತು ಓವರ್ ಹಾಕಿ, ರನ್ ಬಿಡದೆ ನಿಲ್ಲುವವರು ಸಿಗೋದು ಕಷ್ಟ. ಅದರ ಮೇಲೆ ಏಳನೇ ಎಂಟನೇ ನಂಬರಿನಲ್ಲಿ ಬ್ಯಾಟಿಂಗ್ ಬೇರೆ.

ವೇಗದ ಬೌಲರ್‌ಗಳಿಗಿಂತ ಸ್ಪಿನ್ನರ್‌ಗಳು ಹೆಚ್ಚು ಬಾಳಿಕೆ ಬರುತ್ತಾರೆ ಅಂತ ಎಲ್ಲರೂ ಹೇಳುತ್ತಾರೆ. ಅದು ಅರ್ಧ ನಿಜ. ವೇಗದವರಿಗೆ ಬೆನ್ನು, ಮೊಣಕಾಲು ಹೋದರೆ ವೇಗ ಹೋಯಿತು. ವೇಗ ಹೋದರೆ ಕಥೆ ಮುಗಿದ ಹಾಗೇ. ಸ್ಪಿನ್ನರ್‌ಗೆ ಬೆರಳು, ಮಣಿಕಟ್ಟು, ತಾಳ್ಮೆ ಉಳಿದಿರುತ್ತೆ. ಬ್ಯಾಟ್ಸ್‌ಮನ್ನನ ಕಾಲು ಯಾವ ಕಡೆ ಹೊರಟಿದೆ ಅಂತ ಓದೋ ಕಣ್ಣು ವಯಸ್ಸಾದಂತೆ ಇನ್ನೂ ಚುರುಕಾಗುತ್ತೆ. ಆದರೆ ಮುಂಗಾಲಿನ ಮೇಲೆ ಮೈ ತಿರುಗಿಸೋ ಜೋರು ಕಡಿಮೆಯಾದರೆ ಚೆಂಡು ಮೊದಲಿನಷ್ಟು ತಿರುಗೋದಿಲ್ಲ. ಅದಕ್ಕಿಂತ ಮೊದಲು ಕೈಕೊಡೋದು ಫೀಲ್ಡಿಂಗು. ಬೌಂಡರಿಯಿಂದ ಎಸೆದ ಚೆಂಡು ಒಂದು ಪುಟ ಹೆಚ್ಚಿಗೆ ಬೀಳತೊಡಗುತ್ತೆ. ಸ್ಕೋರ್‌ಕಾರ್ಡಿನಲ್ಲಿ ಇದ್ಯಾವುದೂ ಕಾಣಲ್ಲ. ಜೊತೆಗೆ ಆಡುವವರಿಗೆ ಮಾತ್ರ ಗೊತ್ತು, ಅವರು ಹೇಳೋದಿಲ್ಲ.

ಇದಕ್ಕೊಂದು ಬೆಲೆಯೂ ಇದೆ. ಹನ್ನೊಂದರ ತಂಡದಲ್ಲಿ ಎಡಗೈ ಸ್ಪಿನ್ನರ್‌ಗೆ ಇರೋದು ಹೆಚ್ಚಿನ ಸಲ ಒಂದೇ ಜಾಗ. ಹಿರಿಯರೊಬ್ಬರು ಆ ಜಾಗದಲ್ಲಿ ಹತ್ತು ವರ್ಷ ಗಟ್ಟಿಯಾಗಿ ಕೂತರೆ, ಅದೇ ಕೈಯ ಹುಡುಗ ಕಾಯಬೇಕು, ಇಲ್ಲಾ ಬೇರೆ ರಾಜ್ಯ ನೋಡಬೇಕು, ಇಲ್ಲಾ ಬ್ಯಾಂಕ್ ಪರೀಕ್ಷೆ ಬರೀಬೇಕು. ಅಂಥ ಹುಡುಗರ ಹೆಸರು ಯಾವ ದಾಖಲೆಯಲ್ಲೂ ಇರೋದಿಲ್ಲ. ಆದರೂ ನನ್ನ ತೀರ್ಪು ಕರ್ನಾಟಕದ ಕಡೆಗೇ. ಆ ಹುಡುಗ ಜೋಶಿಯವರನ್ನ ನೆಟ್‌ನಲ್ಲಿ ಹಿಂದೆ ಹಾಕಬೇಕಿತ್ತು. ವಯಸ್ಸಿನ ಕಾಲಂ ತೋರಿಸಿ ಗೆಲ್ಲಬಾರದಿತ್ತು.

ಹಾಗಂತ ಅನುಭವ ಅನ್ನೋದು ಎಲ್ಲ ಬಾಗಿಲಿಗೂ ಹಾಕುವ ಕೀಲಿಕೈ ಅಲ್ಲ. 2008ರ ಏಪ್ರಿಲ್ 18 ನೆನಪಿದೆಯಾ? ಐಪಿಎಲ್‌ನ ಮೊಟ್ಟಮೊದಲ ಪಂದ್ಯ, ಚಿನ್ನಸ್ವಾಮಿ ಮೈದಾನ. ಆರ್‌ಸಿಬಿಯಲ್ಲಿ ದ್ರಾವಿಡ್, ವಾಸಿಂ ಜಾಫರ್, ಜಾಕ್ ಕಾಲಿಸ್, ಮಾರ್ಕ್ ಬೌಷರ್, ಜಹೀರ್ ಖಾನ್, ಜೊತೆಗೆ 37ರ ಸುನೀಲ್ ಜೋಶಿ. ಟೆಸ್ಟ್ ಪಂದ್ಯಕ್ಕೆ ಹೇಳಿ ಮಾಡಿಸಿದ ತಂಡ. ಬ್ರೆಂಡನ್ ಮೆಕಲಮ್ ಒಬ್ಬರೇ ಅಜೇಯ 158 ಹೊಡೆದರು. ನಮ್ಮವರು 82ಕ್ಕೆ ಆಲೌಟ್. ಆ ಋತುವಿನಲ್ಲಿ ಎಂಟು ತಂಡಗಳಲ್ಲಿ ಏಳನೇ ಸ್ಥಾನ. ರಣಜಿಯ ನಾಲ್ಕು ದಿನದಲ್ಲಿ ಬಂಗಾರದಂಥ ಅನುಭವ ಇಪ್ಪತ್ತು ಓವರಿನಲ್ಲಿ ಸವಕಲು ನಾಣ್ಯವಾಯಿತು. ಆಟಗಾರರು ಅವರೇ, ವಯಸ್ಸೂ ಅದೇ. ಕೆಲಸ ಬೇರೆ ಆಗಿತ್ತು.

ಒಂದೇ ಫೈನಲ್, ಮೂರು ದಾರಿ

ಕರ್ನಾಟಕ ಎಲ್ಲರ ವಿಷಯದಲ್ಲೂ ಜೋಶಿ ವಿಷಯದಷ್ಟು ತಾಳ್ಮೆ ತೋರಿಸಿಲ್ಲ. 2015ರ ಮಾರ್ಚ್, ಮುಂಬೈನ ವಾಂಖೆಡೆ. ತಮಿಳುನಾಡು ವಿರುದ್ಧ ರಣಜಿ ಫೈನಲ್. ದಾವಣಗೆರೆಯ ವಿನಯ್ ಕುಮಾರ್ ನಾಯಕ. ಎದುರಾಳಿಯನ್ನ 134ಕ್ಕೆ ಮುಗಿಸಿದಾಗ ಅವರಿಗೇ ಐದು ವಿಕೆಟ್, ಆಮೇಲೆ ಬ್ಯಾಟಿಂಗಿನಲ್ಲಿ ಅಜೇಯ 105. ಕರುಣ್ ನಾಯರ್ 328. ತಂಡದ ಒಟ್ಟು ಮೊತ್ತ 762. ಸತತ ಎರಡನೇ ವರ್ಷ ಟ್ರೋಫಿ. ಆ ತಂಡದಲ್ಲಿ ರಾಬಿನ್ ಉತ್ತಪ್ಪನೂ ಇದ್ದರು.

ಎರಡೇ ವರ್ಷಕ್ಕೆ ಉತ್ತಪ್ಪ ಸೌರಾಷ್ಟ್ರಕ್ಕೆ ಹೋದರು. 2019ರಲ್ಲಿ ವಿನಯ್ ಪುದುಚೇರಿಗೆ ಹೋದರು. ಎರಡು ಸಲ ರಣಜಿ ಗೆದ್ದುಕೊಟ್ಟ ನಾಯಕ, ಮೂವತ್ತೈದರಲ್ಲಿ, ಬೇರೆ ಊರಿನ ಕ್ಯಾಪ್ ಹಾಕಿಕೊಂಡು ಓಡಿ ಬಂದು ಬೌಲ್ ಮಾಡೋದನ್ನ ನೋಡಿ ಕರುಳು ಚುರಕ್ ಅಂದಿದ್ದು ದಾವಣಗೆರೆಯವರಿಗೆ ಮಾತ್ರ ಅಲ್ಲ. ಆದರೆ ವೇಗದ ಬೌಲರ್ ಅವರು. ಹೊಸ ಹುಡುಗರು ಬಾಗಿಲು ಬಡಿಯುತ್ತಿದ್ದರು. ಅದನ್ನ ಒಪ್ಪಬಹುದು.

ಕರುಣ್ ವಿಷಯ ಮಾತ್ರ ಇನ್ನೂ ಗಂಟಲಲ್ಲಿ ಸಿಕ್ಕಿಕೊಂಡಿದೆ. 2016ರ ಡಿಸೆಂಬರಿನಲ್ಲಿ ಇಂಗ್ಲೆಂಡ್ ವಿರುದ್ಧ ಅಜೇಯ 303 ಹೊಡೆದವರು. ಆರು ವರ್ಷ ಕಳೆದು 2022ರ ಡಿಸೆಂಬರಿಗೆ, 31ನೇ ವಯಸ್ಸಿನಲ್ಲಿ, ಕರ್ನಾಟಕ ತಂಡದಲ್ಲೂ ಜಾಗ ಇರಲಿಲ್ಲ. ಪ್ರೀತಿಯ ಕ್ರಿಕೆಟ್ಟೇ, ನನಗೆ ಇನ್ನೊಂದು ಅವಕಾಶ ಕೊಡು ಅಂತ ಅವರು ಟ್ವಿಟರಿನಲ್ಲಿ ಬರೆದುಕೊಂಡದ್ದನ್ನ ನೀವೂ ಓದಿರುತ್ತೀರಿ. ಅವಕಾಶ ಕೊಟ್ಟಿದ್ದು ವಿದರ್ಭ. 2024-25ರ ವಿಜಯ್ ಹಜಾರೆ ಟೂರ್ನಿಯಲ್ಲಿ ಐದು ಶತಕ, 779 ರನ್. ಅದೇ ವರ್ಷ ರಣಜಿಯಲ್ಲಿ 863 ರನ್, ಫೈನಲಿನಲ್ಲಿ ಶತಕ, ವಿದರ್ಭಕ್ಕೆ ಟ್ರೋಫಿ. 2025ರ ಜೂನಿನಲ್ಲಿ ಲೀಡ್ಸ್‌ನಲ್ಲಿ ಮತ್ತೆ ಭಾರತದ ಟೆಸ್ಟ್ ಕ್ಯಾಪ್. ಆಮೇಲೆ ಕರ್ನಾಟಕವೇ ವಾಪಸ್ ಕರೆಸಿಕೊಂಡಿತು. ಆಫೀಸಿನಲ್ಲಿ ಅಪ್ರೈಸಲ್ ಕೊಡದೆ ಬಿಟ್ಟವರನ್ನೇ ಎರಡು ವರ್ಷ ಬಿಟ್ಟು ಡಬಲ್ ಸಂಬಳಕ್ಕೆ ಕರೆಯೋದನ್ನ ನೋಡಿದ್ದೀರಲ್ಲ, ಹೆಚ್ಚು ಕಡಿಮೆ ಹಾಗೇ.

ಇದು ಕ್ರಿಕೆಟ್ಟಿನ ಗೋಳು ಮಾತ್ರ ಅಂದುಕೊಳ್ಳಬೇಡಿ. ಅಮೆರಿಕದ ಬೇಸ್‌ಬಾಲ್‌ನಲ್ಲಿ ಆಲ್ಬರ್ಟ್ ಪುಹೋಲ್ಸ್ ಅಂತ ಒಬ್ಬ ದಿಗ್ಗಜ. ಸೇಂಟ್ ಲೂಯಿಸ್‌ನ ಕಾರ್ಡಿನಲ್ಸ್ ತಂಡದ ಕಣ್ಮಣಿ. 2011ರ ಕೊನೆಗೆ, ಅವರಿಗೆ ಮೂವತ್ತೊಂದು ನಡೆಯುವಾಗ, ಏಂಜಲ್ಸ್ ತಂಡ 10 ವರ್ಷಕ್ಕೆ 24 ಕೋಟಿ ಡಾಲರ್ ಕೊಟ್ಟು ಎತ್ತಿಕೊಂಡು ಹೋಯಿತು. ಅಂದರೆ ಹಳೇ ವರ್ಷಗಳ ಸಾಧನೆಗೆ ಮುಂದಿನ ವರ್ಷಗಳ ದುಡ್ಡು. ಒಪ್ಪಂದದ ಕೊನೇ ವರ್ಷ, 2021ರ ಮೇ ತಿಂಗಳಲ್ಲಿ, ಋತು ಮುಗಿಯೋಕೂ ಬಿಡದೆ ಅವರನ್ನ ಕೈಬಿಟ್ಟಿತು. 2022ಕ್ಕೆ ಹಳೇ ತವರು ಕಾರ್ಡಿನಲ್ಸ್ ಮತ್ತೆ ಕರೆಯಿತು. ಈ ಸಲ 25 ಲಕ್ಷ ಡಾಲರ್, ಒಂದೇ ವರ್ಷ, ಆಯ್ದ ಪಂದ್ಯ, ಆಯ್ದ ಬೌಲರ್‌ಗಳ ಎದುರು ಹೆಚ್ಚು ಆಟ. 42ರ ಮನುಷ್ಯ 24 ಹೋಮ್ ರನ್ ಹೊಡೆದು, ಒಟ್ಟು 703ಕ್ಕೆ ಮುಟ್ಟಿಸಿ ನಿವೃತ್ತರಾದರು. ಕೊಟ್ಟ ಕೆಲಸ ಚಿಕ್ಕದಿತ್ತು, ಅವರ ಮೈಗೆ ಸರಿಯಾಗಿತ್ತು.

ಕುರ್ಚಿಯ ಆ ಕಡೆ

ಈಗ ಮತ್ತೆ ಗದುಗಿನವರ ಹತ್ತಿರ ಬರೋಣ. 2020ರ ಮಾರ್ಚ್ 4ರಂದು ಜೋಶಿ ಭಾರತದ ಹಿರಿಯರ ಆಯ್ಕೆ ಸಮಿತಿಯ ಅಧ್ಯಕ್ಷರಾದರು. ನಾಲ್ಕೇ ದಿನಕ್ಕೆ ಮೊದಲ ಕೆಲಸ, ದಕ್ಷಿಣ ಆಫ್ರಿಕಾ ವಿರುದ್ಧದ ಏಕದಿನ ತಂಡ. ದೇಶಕ್ಕೆಲ್ಲ ಆಗ ಒಂದೇ ಪ್ರಶ್ನೆ: ಧೋನಿ ಏನಾದರು? 2019ರ ವಿಶ್ವಕಪ್ ಸೆಮಿಫೈನಲಿನಲ್ಲಿ ಗಪ್ಟಿಲ್ ಎಸೆತಕ್ಕೆ ರನೌಟಾಗಿ ಹೋದವರು ಮತ್ತೆ ಮೈದಾನಕ್ಕೆ ಬಂದಿರಲಿಲ್ಲ. ನಿವೃತ್ತಿಯನ್ನೂ ಹೇಳಿರಲಿಲ್ಲ. ಜನವರಿಯ ಮಂಡಳಿ ಗುತ್ತಿಗೆ ಪಟ್ಟಿಯಲ್ಲಿ ಹೆಸರು ಇರಲಿಲ್ಲ. ಎರಡು ವಿಶ್ವಕಪ್ ಗೆದ್ದುಕೊಟ್ಟ ನಾಯಕ, ವಯಸ್ಸು 38. ಇಟ್ಟುಕೊಂಡರೆ ಬಾಗಿಲಲ್ಲಿ ನಿಂತ ಹುಡುಗರು ಮುನಿಯುತ್ತಾರೆ, ಬಿಟ್ಟರೆ ಅರ್ಧ ದೇಶ ಮುನಿಯುತ್ತೆ.

ಜೋಶಿ ಸಮಿತಿ ಪ್ರಕಟಿಸಿದ ಪಟ್ಟಿಯಲ್ಲಿ ಧೋನಿ ಇರಲಿಲ್ಲ. ಧರ್ಮಶಾಲಾದ ಮೊದಲ ಪಂದ್ಯ ಮಳೆಗೆ ಹೋಯಿತು, ಉಳಿದದ್ದು ಕೊರೊನಾಕ್ಕೆ. ಆಗಸ್ಟ್ 15ರ ಸಂಜೆ ಧೋನಿ ಇನ್‌ಸ್ಟಾಗ್ರಾಮಿನಲ್ಲಿ ವಿದಾಯ ಹೇಳಿ ಎಲ್ಲರ ತಲೆನೋವು ಕಳೆದರು. ಮೂವತ್ತರಲ್ಲಿ ಸದ್ದಿಲ್ಲದೆ ಹೊರಬಿದ್ದು, ಆಮೇಲೂ ಹತ್ತು ವರ್ಷ ಆಡಿದ ಒಬ್ಬರು ಆ ಪಟ್ಟಿಗೆ ಸಹಿ ಹಾಕಬೇಕಾಗಿ ಬಂತು ಅನ್ನೋದು ನನಗೆ ಯಾವಾಗಲೂ ವಿಚಿತ್ರ ಅನ್ನಿಸುತ್ತೆ. ಅದೇ ಸಮಿತಿ ಅಕ್ಟೋಬರಿನಲ್ಲಿ ಆಸ್ಟ್ರೇಲಿಯಾಕ್ಕೆ ಕಳಿಸಿದ ಟೆಸ್ಟ್ ತಂಡದಲ್ಲಿ ಶುಭಮನ್ ಗಿಲ್, ಮೊಹಮ್ಮದ್ ಸಿರಾಜ್ ಇದ್ದರು. ಇಬ್ಬರೂ ಆಗ ಟೆಸ್ಟಿಗೆ ಹೊಸಬರು. ಗಾಬಾ ಕಥೆ ನಾನು ಹೇಳಬೇಕಾಗಿಲ್ಲ.

ಆ ಗೆಲುವಿನ ಹೊತ್ತಿಗೆ ಜೋಶಿ ಅಧ್ಯಕ್ಷರಾಗಿ ಉಳಿದಿರಲಿಲ್ಲ. ಡಿಸೆಂಬರಿನಲ್ಲಿ ಚೇತನ್ ಶರ್ಮಾ ಬಂದರು. ಹೆಚ್ಚು ಟೆಸ್ಟ್ ಆಡಿದವರಿಗೆ ಅಧ್ಯಕ್ಷಗಿರಿ ಅನ್ನೋ ನಿಯಮ. ಜೋಶಿಯವರದು 15, ಚೇತನ್‌ರದು 23. ಆ 2001ರ ಮೂರು ಟೆಸ್ಟ್ ಸಿಕ್ಕಿದ್ದರೂ ಲೆಕ್ಕ ಕೂಡುತ್ತಿರಲಿಲ್ಲ ಬಿಡಿ. ಸದಸ್ಯರಾಗಿ ಮುಂದುವರಿದರು. 2022ರ ನವೆಂಬರಿನಲ್ಲಿ ಮಂಡಳಿ ಇಡೀ ಸಮಿತಿಯನ್ನೇ ಮನೆಗೆ ಕಳಿಸಿತು.

ಅತ್ತ ಧೋನಿ ಐಪಿಎಲ್‌ನಲ್ಲಿ ಆಡುತ್ತಲೇ ಹೋದರು. 2025ಕ್ಕೆ ಚೆನ್ನೈ ಅವರನ್ನ 4 ಕೋಟಿಗೆ ಉಳಿಸಿಕೊಂಡಿತು, ಅದೂ ‘ಅನ್‌ಕ್ಯಾಪ್ಡ್’ ಆಟಗಾರನಾಗಿ. ಐದು ವರ್ಷ ಅಂತರರಾಷ್ಟ್ರೀಯ ಪಂದ್ಯ ಆಡದ ಭಾರತೀಯರನ್ನ ಆ ಲೆಕ್ಕಕ್ಕೆ ಸೇರಿಸಬಹುದು ಅನ್ನೋ ನಿಯಮ ವಾಪಸ್ ಬಂದಿತ್ತು. ವಿಶ್ವಕಪ್ ಎತ್ತಿದ ನಾಯಕ ಕಾಗದದ ಮೇಲೆ ಹೊಸ ಹುಡುಗ! ಆದರೆ ಫ್ರಾಂಚೈಸಿಯ ಲೆಕ್ಕ ಬೇರೆ. ಅವರಿಗೆ ಟಿಕೆಟ್ ಮಾರಬೇಕು, ಹಳದಿ ಜೆರ್ಸಿ ಮಾರಬೇಕು, ಸಂಜೆ ಏಳೂವರೆಗೆ ಟಿವಿ ಹಚ್ಚಿಸಬೇಕು. ಭಾರತ ತಂಡಕ್ಕೆ ಆ ಚಿಂತೆ ಇಲ್ಲ. ಹಾಗಾಗಿ ಒಬ್ಬನೇ ಆಟಗಾರ ಒಂದು ಕಡೆ ಭಾರ, ಇನ್ನೊಂದು ಕಡೆ ಬಂಡವಾಳ ಆಗೋದರಲ್ಲಿ ತಪ್ಪೇನೂ ಇಲ್ಲ. ಅದೇ ಹರಾಜಿಗೆ ಮುಂಚೆ ಆರ್‌ಸಿಬಿ ಮಾಡಿದ್ದನ್ನೂ ನೋಡಿ. ನಲವತ್ತು ತುಂಬಿದ ನಾಯಕ ಫಾಫ್ ಡುಪ್ಲೆಸಿಯನ್ನ ಬಿಟ್ಟಿತು, ಮೂವತ್ತೈದರ ಕೊಹ್ಲಿಯನ್ನ 21 ಕೋಟಿಗೆ ಉಳಿಸಿಕೊಂಡಿತು. ಬೆಂಗಳೂರಿನಲ್ಲಿ ಆಗ ಫಾಫ್‌ಗಾಗಿ ಬೇಜಾರು ಮಾಡಿಕೊಂಡವರು ಬಹಳ ಮಂದಿ. ನಾನೂ ಅದರಲ್ಲೊಬ್ಬ.

ಇಷ್ಟೆಲ್ಲ ನೋಡಿದ ಮೇಲೆ ಲಕ್ಷ್ಮೇಶ್ವರದ ಹುಡುಗರಿಗೂ ಮುಂಡರಗಿ ಹುಡುಗರಿಗೂ ನನಗೆ ಹೇಳಬೇಕು ಅನ್ನಿಸೋದು ಇಷ್ಟೇ. ಕಾಕಾಗೆ ವಯಸ್ಸೆಷ್ಟು ಅನ್ನೋದನ್ನ ಬಿಡಿ, 2014ರಲ್ಲಿ ಡಂಬಳದ ಟೂರ್ನಮೆಂಟು ಗೆಲ್ಲಿಸಿಕೊಟ್ಟಿದ್ದನ್ನೂ ಈ ಲೆಕ್ಕಕ್ಕೆ ತರಬೇಡಿ. ಈ ಸಲ ಟೀಮಿಗೆ ಏನು ಕೆಲಸ ಆಗಬೇಕಿದೆ ಅಂತ ಮೊದಲು ಬರೆದುಕೊಳ್ಳಿ. ಕೊನೇ ಎರಡು ಓವರ್ ಹೊಡೆಯೋಕೆ ಒಬ್ಬರು ಬೇಕಾ? ಹಾಗಾದರೆ ಮೂರನೇ ನಂಬರಿನಿಂದ ಆರಕ್ಕೆ ಇಳಿಸಿ, ಫೀಲ್ಡಿಂಗಿಗೆ ಸ್ಲಿಪ್ಪಿನಲ್ಲಿ ನಿಲ್ಲಿಸಿ. ಓಡೋರು ಬೇಕಾ? ಹಾಗಾದರೆ ಪಿಯುಸಿ ಹುಡುಗ. ಯಾವುದೇ ಆದರೂ ಹೇಳೋದನ್ನ ಗ್ರೂಪಿನಲ್ಲಿ ಪಟ್ಟಿ ಹಾಕಿ ಹೇಳಬೇಡಿ. ಹನ್ನೊಂದು ಹೆಸರಿನಲ್ಲಿ ತನ್ನ ಹೆಸರಿಲ್ಲ ಅಂತ ಮೊಬೈಲಿನ ಪರದೆ ಮೇಲೆ ಎರಡು ಸಲ ಮೇಲೆ ಕೆಳಗೆ ಜಾರಿಸಿ ನೋಡೋದು ಇದೆಯಲ್ಲ, ಅದು ನಲವತ್ತು ದಾಟಿದವರಿಗೆ ಕೊಡಬಾರದ ಶಿಕ್ಷೆ. ಮನೆಗೆ ಹೋಗಿ, ಚಾ ಕುಡಿದು, ‘ಕಾಕಾ, ಈ ಸಲ ಹಿಂಗ ಮಾಡೋಣು ಅಂತ ಮಾಡೇವಿ’ ಅಂತ ಕ್ಯಾಪ್ಟನ್ನೇ ಹೇಳಬೇಕು. ಸಿಟ್ಟಾಗುತ್ತಾರೆ. ಆಗಲಿ. ಹುಡುಗನ ಮುಂದೆ ಮಾತ್ರ ಸಿಟ್ಟಾಗೋದಿಲ್ಲ, ಅಷ್ಟು ದೊಡ್ಡಸ್ತಿಕೆ ಹೆಚ್ಚಿನವರಿಗೆ ಇರುತ್ತೆ.

ಆಡೋದು ಬಿಟ್ಟ ಮೇಲೆ ಏನು ಅನ್ನೋ ಭಯ ಅವರಿಗಿರುತ್ತೆ. ಜೋಶಿ 2012ರ ಜೂನಿನಲ್ಲಿ ಅಧಿಕೃತವಾಗಿ ನಿವೃತ್ತಿ ಹೇಳಿದರು. ಎರಡೂವರೆ ವರ್ಷದ ಮೇಲೆ, 2014ರ ಡಿಸೆಂಬರಿನಲ್ಲಿ, ವಾಂಖೆಡೆಯಲ್ಲಿ ಪರ್ವೇಜ್ ರಸೂಲ್ ನಾಯಕತ್ವದ ಜಮ್ಮು-ಕಾಶ್ಮೀರ ತಂಡ 40 ಸಲ ರಣಜಿ ಗೆದ್ದ ಮುಂಬೈಯನ್ನ ಸೋಲಿಸಿತು. ಆ ಸೆಪ್ಟೆಂಬರಿನ ಪ್ರವಾಹದಲ್ಲಿ ಶ್ರೀನಗರದ ಮೈದಾನವೇ ಹಾಳಾಗಿತ್ತು, ಹುಡುಗರಿಗೆ ಸರಿಯಾಗಿ ಪ್ರಾಕ್ಟೀಸ್ ಮಾಡಲೂ ಜಾಗವಿರಲಿಲ್ಲ. ಕೋಚ್ ನಮ್ಮ ಗದುಗಿನವರು. ಪ್ರಾಕ್ಟೀಸಿಗೆ ದೂರ ಹೋಗಬೇಕಾದ ಕಷ್ಟವನ್ನ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಆಮೇಲೆ ಬಾಂಗ್ಲಾದೇಶ ತಂಡದ ಸ್ಪಿನ್ ಸಲಹೆಗಾರರಾದರು. ಯಾವ ದೇಶದ ವಿರುದ್ಧ ಪಂದ್ಯಪುರುಷರಾಗಿದ್ದರೋ ಅದೇ ದೇಶಕ್ಕೆ.

2025ರ ಜೂನ್ 3, ಅಹಮದಾಬಾದ್. ಆರ್‌ಸಿಬಿ ಹದಿನೆಂಟು ವರ್ಷ ಕಾದು ಕೊನೆಗೂ ಕಪ್ ಗೆದ್ದ ರಾತ್ರಿ. ಅಂತರ ಆರೇ ಆರು ರನ್. ಕೊಹ್ಲಿ ನೆಲದ ಮೇಲೆ ಕೂತು ಅತ್ತಿದ್ದನ್ನ ನೀವೆಲ್ಲ ಸ್ಟೇಟಸ್ ಹಾಕಿದ್ದೀರಿ. ಕ್ಯಾಮೆರಾ ಹೆಚ್ಚು ತೋರಿಸದ ಇನ್ನೊಂದು ಕಡೆ, ಸೋತ ಪಂಜಾಬ್ ಕಿಂಗ್ಸ್‌ನ ಸ್ಪಿನ್ ಬೌಲಿಂಗ್ ಕೋಚ್ ಆಗಿ ಸುನೀಲ್ ಜೋಶಿ ಇದ್ದರು. 2008ರ ಏಪ್ರಿಲ್ 18ರ ಆ 82 ರನ್ನಿನ ರಾತ್ರಿ ಇಬ್ಬರೂ ಒಂದೇ ಹನ್ನೊಂದರಲ್ಲಿ ಆಡಿದ್ದರು. ಆಗ ಒಬ್ಬರಿಗೆ 37, ಇನ್ನೊಬ್ಬ ಹುಡುಗನಿಗೆ 19.